ಸತ್ತು ಮನೆಗೆ ಬರುವ ಮಗ

ಪಾತಾಳದ ಅರಮನೆಯ ಒಂದು ತುದಿಯಲ್ಲಿ ರಕ್ತದ ಕೊಳವಿದೆ. ಅದರೊಳಗಿಂದ ಒಬ್ಬ ತರುಣ ಮೆಟ್ಟಿಲೇರಿ ಬರುತ್ತಾನೆ, ಮೈಗಂಟಿದ ಕೆಂಪನ್ನು ಕೊಡವಿಕೊಳ್ಳುತ್ತಾನೆ. ಕೊಳದ ಪಕ್ಕದಲ್ಲೇ ಉದ್ದನೆಯ ಪಟ್ಟಿ ಹಿಡಿದು ತೂಕಡಿಸುತ್ತ ನಿಂತವನು ಹಿಪ್ನೋಸ್, ನಿದ್ದೆಯ ದೇವರು. ಬಂದವನು ಈ ಸಲ ಯಾರ ಕೈಯಲ್ಲಿ ಸತ್ತ ಎಂದು ಪಟ್ಟಿಯಲ್ಲಿ ನೋಡಿ, ಮುಖವರಳಿಸಿ ಒಂದು ಮಾತು ಆಡುತ್ತಾನೆ. ಕೆಲವೊಮ್ಮೆ ಉಪದೇಶವನ್ನೂ ಸೇರಿಸುತ್ತಾನೆ: ಮುಂದಿನ ಸಲ ಏಟು ತಗಲದ ಹಾಗೆ ನೋಡಿಕೋ ಎಂಬ ಧಾಟಿಯದು. ತರುಣ ಬೇಸರಿಸದೆ ಉತ್ತರ ಕೊಟ್ಟು ಮುಂದೆ ಹೋಗುತ್ತಾನೆ. ಪಡಸಾಲೆಯ ನಡುವೆ ದೊಡ್ಡ ಮೇಜಿನ ಹಿಂದೆ ಅವನ ಅಪ್ಪ ಕುಳಿತಿದ್ದಾನೆ, ಮೃತರ ಲೋಕದ ಒಡೆಯ ಹೇಡೀಸ್. ಕಾಗದಪತ್ರಗಳ ರಾಶಿಯಿಂದ ತಲೆಯೆತ್ತಿದರೆ ಎತ್ತಿದ, ಇಲ್ಲದಿದ್ದರೆ ಇಲ್ಲ.

'ಹೇಡೀಸ್' ಎಂಬ ವಿಡಿಯೋ ಗೇಮಿನಲ್ಲಿ ಆಟಗಾರ ಸೋತಾಗಲೆಲ್ಲ ನಡೆಯುವುದು ಇದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಸೂಪರ್‌ಜೈಂಟ್ ಗೇಮ್ಸ್ ಎಂಬ ಚಿಕ್ಕ ತಂಡ ಇದನ್ನು 2018ರ ಡಿಸೆಂಬರಿನಲ್ಲಿ ಅರೆಬರೆಯಾಗಿದ್ದಾಗಲೇ ಆಟಗಾರರ ಕೈಗಿಟ್ಟು, ಅವರು ಆಡುವುದನ್ನು ನೋಡುತ್ತ ತಿದ್ದುತ್ತ, 2020ರ ಸೆಪ್ಟೆಂಬರಿನಲ್ಲಿ ಪೂರ್ತಿಗೊಳಿಸಿತು. ತರುಣನ ಹೆಸರು ಝಾಗ್ರಿಯಸ್. ಅವನ ಹಟ ಒಂದೇ, ಅಪ್ಪನ ಮನೆಯಿಂದ ತಪ್ಪಿಸಿಕೊಂಡು ಭೂಮಿಯ ಮೇಲೆ ಹೋಗಬೇಕು. ಟಾರ್ಟರಸ್, ಆಸ್ಫೊಡೆಲ್, ಎಲಿಸಿಯಮ್ ಎಂಬ ಪಾತಾಳದ ಒಂದೊಂದೇ ಸ್ತರವನ್ನು, ಕೋಣೆಯಿಂದ ಕೋಣೆಗೆ, ಪ್ರೇತಗಳನ್ನು ಬಡಿದು ದಾಟಬೇಕು. ಆಟ ಮಿಂಚಿನ ವೇಗದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಕಡೆಯಿಂದ ಹತ್ತು ಬಾಣ. ಬಲಗೈ ಹೆಬ್ಬೆರಳು ಹೊಡೆತದ ಬಟನ್‌ನಿಂದ ನುಗ್ಗುವ ಬಟನ್‌ಗೆ ಹಾರುತ್ತಲೇ ಇರಬೇಕು. ಕೈ ಪಳಗಿದವರಿಗೆ ಕೆಳಗಿನಿಂದ ಮೇಲಿನವರೆಗೆ ಅರ್ಧ ಗಂಟೆಯ ಆಸುಪಾಸು ಹಿಡಿಯುತ್ತದೆ. ಪಳಗುವವರೆಗೂ ಸಾವು, ಕೊಳ, ಹಿಪ್ನೋಸ್.

ನಾನು ಕಥೆಗಳ ಆಸೆಯಿಂದ ಆಟಗಳ ಹತ್ತಿರ ಹೋದವನು. ಅಣ್ಣನ ಮಗಳು ಹೊಡೆದಾಟದ ಆಸೆಯಿಂದ ಬಂದವಳು. ರಜೆಯಲ್ಲಿ ನಮ್ಮಲ್ಲಿಗೆ ಬಂದಾಗ ಇಬ್ಬರೂ ಸರದಿಯಲ್ಲಿ ಆಡುತ್ತೇವೆ. ಬೇರೆ ಆಟಗಳಲ್ಲಿ ನಮ್ಮ ದಾರಿಗಳು ಕೂಡುತ್ತಿರಲಿಲ್ಲ. ಕಥೆ ಬಂದ ಕೂಡಲೇ ಅವಳು ಬಟನ್ ಒತ್ತಿ ದಾಟಿಸುತ್ತಿದ್ದಳು. ಹೊಡೆದಾಟ ಬಂದಾಗ ನಾನು ಕಂಟ್ರೋಲರನ್ನು ಅವಳ ಕೈಗೆ ಕೊಟ್ಟು ಕಾಫಿಗೆ ಏಳುತ್ತಿದ್ದೆ. ತಪ್ಪು ನಮ್ಮಿಬ್ಬರದೂ ಅಲ್ಲ, ಆ ಆಟಗಳು ಕಟ್ಟಿಕೊಂಡಿರುವುದೇ ಹಾಗೆ. ಹೊಡೆದಾಟ ನಿಲ್ಲುತ್ತದೆ, ಸಿನಿಮಾ ಶುರುವಾಗುತ್ತದೆ. ಸಿನಿಮಾ ಮುಗಿಯುತ್ತದೆ, ಮತ್ತೆ ಹೊಡೆದಾಟ. ಕೈ ಕೆಲಸ ಮಾಡುವಾಗ ಕಥೆ ಹೊರಗೆ ಕಾಯುತ್ತದೆ, ಕಥೆ ಮಾತಾಡುವಾಗ ಕೈ ಮಡಿಲಲ್ಲಿ ಸುಮ್ಮನೆ ಕೂರುತ್ತದೆ. 'ಹೇಡೀಸ್' ಆಡುತ್ತಿದ್ದ ಒಂದು ಸಂಜೆ, ಜೀವ ಕೂದಲೆಳೆಯಲ್ಲಿ ಉಳಿದಿದ್ದಾಗ ಆ ಹುಡುಗಿ ಹೇಳಿದಳು: "ಸತ್ತರೂ ಪರವಾಗಿಲ್ಲ ಚಿಕ್ಕಪ್ಪ, ಅಕಿಲೀಸ್ ಏನೋ ಹೇಳಬೇಕು ಅಂತಿದ್ದ, ಹೋಗಿ ಕೇಳೋಣ." ಈ ಆಟದ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ವಿಡಿಯೋ ಗೇಮಿನ ಕಥೆಗಾರರಿಗೆ ಬಹುಕಾಲದಿಂದ ಕಾಡಿದ ತೊಡಕೇ ಸಾವು. ನಾಯಕ ಸಾಯುತ್ತಾನೆ, ಆಟ ಹಿಂದಿನ ಕಟ್ಟೆಗೆ ಮರಳುತ್ತದೆ, ನಡೆದದ್ದೆಲ್ಲ ನಡೆಯದಂತಾಗುತ್ತದೆ. ಕಥೆಯೊಳಗಿನ ಯಾರಿಗೂ ಆ ಸಾವಿನ ಸುದ್ದಿಯೇ ಗೊತ್ತಿಲ್ಲ. ಮೂವತ್ತು ಸಲ ಸತ್ತು ಮೂವತ್ತೊಂದನೆಯ ಸಲ ಗೆದ್ದರೆ ಕಥೆಯ ಲೆಕ್ಕದಲ್ಲಿ ಅವನು ಒಂದೇ ಏಟಿಗೆ ಗೆದ್ದ ವೀರ. ಆಟಗಾರನ ಬೆರಳಿಗೆ ಗೊತ್ತಿರುವುದೇ ಬೇರೆ. 1980ರಲ್ಲಿ ಯೂನಿಕ್ಸ್ ಯಂತ್ರಗಳಿಗಾಗಿ ಬಂದ 'ರೋಗ್' ಎಂಬ ಆಟ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಸತ್ತರೆ ಸತ್ತಂತೆ, ಗಳಿಸಿದ್ದೆಲ್ಲ ಹೋಯಿತು, ಮೊದಲಿನಿಂದ ಶುರು, ಪ್ರತಿ ಸಲವೂ ಹೊಸ ನಕ್ಷೆ. ಅದರ ವಂಶದ ಆಟಗಳನ್ನು ಇಂದಿಗೂ ಅದರ ಹೆಸರಿನಿಂದಲೇ 'ರೋಗ್‌ಲೈಕ್' ಎನ್ನುತ್ತಾರೆ. ಆಟವಾಗಿ ಅವು ಬಲು ಚೂಪು. ಆದರೆ ಕಥೆಗೆ ಅಲ್ಲಿ ನೆಲೆ ಸಿಗುವುದು ಕಷ್ಟ. ಎರಡನೆಯ ಅಧ್ಯಾಯ ಬರುವ ಮೊದಲೇ ನಾಯಕ ಮಣ್ಣಾಗಿರುತ್ತಾನೆ.

'ಹೇಡೀಸ್' ಆ ವಂಶದಲ್ಲೇ ಹುಟ್ಟಿದ್ದು. ಸಾವಿನ ಲೋಕದ ಯುವರಾಜನನ್ನೇ ನಾಯಕನನ್ನಾಗಿ ಆರಿಸಿಕೊಂಡದ್ದರಲ್ಲಿ ಅದರ ಜಾಣ್ಮೆಯೆಲ್ಲ ಇದೆ. ಪಾತಾಳದವನು ಸತ್ತರೆ ಎಲ್ಲಿಗೆ ಹೋಗುತ್ತಾನೆ? ತನ್ನ ಮನೆಗೇ. ತೆರೆಯ ಮೇಲೆ, ಇಲ್ಲಿಂದ ಪಾರಾಗುವ ದಾರಿಯಿಲ್ಲ ಎಂಬ ಅಕ್ಷರಗಳು ಮೂಡುತ್ತವೆ, ಸ್ಟಿಕ್ಸ್ ನದಿ ಅವನನ್ನು ಹೊತ್ತು ತಂದು ಕೊಳದಲ್ಲಿ ಬಿಡುತ್ತದೆ. ಸಾವು ಇಲ್ಲಿ ನಿಜವಾಗಿ ನಡೆದ ಘಟನೆ. ಮನೆಯವರೆಲ್ಲ ಅದನ್ನು ನೋಡಿದ್ದಾರೆ, ನೆನಪಿಟ್ಟಿದ್ದಾರೆ, ಅದರ ಬಗ್ಗೆ ಮಾತಾಡುತ್ತಾರೆ.

ಆ ಮನೆ ನನಗೆ ತುಂಬ ಇಷ್ಟ. ರಾತ್ರಿಯ ದೇವತೆ ನಿಕ್ಸ್ ಒಂದು ಕಡೆ ಗಂಭೀರವಾಗಿ ನಿಂತಿರುತ್ತಾಳೆ. ಝಾಗ್ರಿಯಸ್‌ನನ್ನು ಸಾಕಿದವಳು ಅವಳೇ. ಮೂರು ತಲೆಯ ನಾಯಿ ಸರ್ಬೆರಸ್ ಅಪ್ಪನ ಮೇಜಿನ ಪಕ್ಕ ಮಲಗಿರುತ್ತದೆ, ತಲೆ ಸವರಿದರೆ ಸುಖಿಸುತ್ತದೆ. ಪಡಸಾಲೆಯ ಪಶ್ಚಿಮಕ್ಕೆ ಈಟಿ ಹಿಡಿದು ಕಾವಲು ನಿಂತವನು ಅಕಿಲೀಸ್, ಟ್ರಾಯ್ ಯುದ್ಧದ ಅಕಿಲೀಸ್. ಹುಡುಗನಿಗೆ ಶಸ್ತ್ರವಿದ್ಯೆ ಕಲಿಸಿದ ಗುರು ಅವನು. ಬದುಕಿದ್ದಾಗ ಸಿಟ್ಟಿಗೆ ಹೆಸರಾಗಿದ್ದವನು ಸತ್ತ ಮೇಲೆ ತಣ್ಣಗಾಗಿದ್ದಾನೆ, ಅಳೆದು ಮಾತಾಡುತ್ತಾನೆ. ಇನ್ನು ಮೆಗೇರಾ. ಚಾವಟಿ ಹಿಡಿದ ಈ ಸೇಡಿನ ದೇವತೆಯೇ ಟಾರ್ಟರಸ್‌ನ ಬಾಗಿಲು ಕಾಯುವವಳು, ಆಟದಲ್ಲಿ ಎದುರಾಗುವ ಮೊದಲ ದೊಡ್ಡ ಶತ್ರು. ಹಿಂದೆ ಇವನ ಪ್ರೇಯಸಿಯೂ ಆಗಿದ್ದವಳು. ಅವಳನ್ನು ಕಷ್ಟಪಟ್ಟು ಕೊಂದು, ಮುಂದೆಲ್ಲೋ ಸತ್ತು ಮನೆಗೆ ಬಂದರೆ, ಒಳಗಿನ ಕೋಣೆಯಲ್ಲಿ ಅವಳೇ ಒಂದು ಬಟ್ಟಲು ಮುಂದಿಟ್ಟುಕೊಂಡು ಕುಳಿತಿರುತ್ತಾಳೆ. ಅವಳೂ ಸತ್ತು ಇದೇ ಮನೆಗೆ ಬಂದವಳಲ್ಲವೆ! ಈಗಷ್ಟೇ ಹೊಡೆದಾಡಿದ ಇಬ್ಬರು ಒಂದೇ ಸೂರಿನಡಿ ಮುಖಾಮುಖಿ ಆದಾಗ ಏನು ಮಾತಾಡಿಯಾರು? ನೀವು ಗೆದ್ದಿದ್ದರೆ ಅವಳ ಮಾತು ಒಂದು, ಅವಳು ಗೆದ್ದಿದ್ದರೆ ಇನ್ನೊಂದು. ಹೀಗೆ ಸೋಲು-ಗೆಲುವು ಸೇರುತ್ತ ಸೇರುತ್ತ ಆ ಹಳೆಯ ಸಂಬಂಧ ಬಿಗಿಯುತ್ತದೆ, ಸಡಿಲಾಗುತ್ತದೆ, ನಿಧಾನವಾಗಿ ಹಸನಾಗುತ್ತದೆ.

ಇದಕ್ಕೆ ಬೇಕಾದ ಮಾತುಗಳ ದಾಸ್ತಾನು ನೋಡಿದರೆ ದಿಗಿಲಾಗುತ್ತದೆ. ಗ್ರೆಗ್ ಕಸಾವಿನ್ ಮುಖ್ಯ ಬರಹಗಾರ. ದನಿ ಕೊಟ್ಟು ಮುದ್ರಿಸಿದ ಮಾತುಗಳು 20 ಸಾವಿರಕ್ಕೂ ಹೆಚ್ಚು. ಒಂದೊಂದು ಮಾತಿಗೂ ಷರತ್ತುಗಳಿವೆ. ಆಟಗಾರ ಯಾವ ಆಯುಧ ಹಿಡಿದಿದ್ದ, ಯಾರ ಕೈಯಲ್ಲಿ ಸತ್ತ, ಎಲ್ಲಿಯವರೆಗೆ ತಲುಪಿದ್ದ, ದಾರಿಯಲ್ಲಿ ಯಾರನ್ನು ಕಂಡಿದ್ದ, ಯಾರಿಗೆ ಉಡುಗೊರೆ ಕೊಟ್ಟಿದ್ದ, ಇವನ್ನೆಲ್ಲ ತೂಗಿ ಆ ಹೊತ್ತಿಗೆ ಒಪ್ಪುವ ಮಾತನ್ನು ಆಟ ಆರಿಸುತ್ತದೆ. ಆಡಿದ ಮಾತನ್ನು ಮತ್ತೆ ಆಡುವುದು ಅಪರೂಪ. ತಾಳಮದ್ದಳೆಯಲ್ಲಿ ಹೀಗೊಂದು ಸುಖವಿದೆ. ಪ್ರಸಂಗ ಗೊತ್ತಿರುವುದೇ, ಪದ್ಯಗಳೂ ಗೊತ್ತಿರುವವೇ. ಆದರೆ ಎದುರಿನ ಅರ್ಥಧಾರಿ ಈಗ ಎಸೆದ ಪ್ರಶ್ನೆಗೆ ಈಗಲೇ ಹುಟ್ಟಬೇಕಾದ ಉತ್ತರಕ್ಕಾಗಿ ನಾವು ರಾತ್ರಿಯೆಲ್ಲ ಕೂರುತ್ತೇವೆ. 'ಹೇಡೀಸ್'ನಲ್ಲಿ ಆ ಎದುರಿನ ಅರ್ಥಧಾರಿ ಆಟಗಾರನೇ. ಅವನು ಬಾಯಿಂದ ಮಾತಾಡುವುದಿಲ್ಲ, ಕತ್ತಿಯಿಂದ ಮಾತಾಡುತ್ತಾನೆ, ಸೋಲಿನಿಂದ ಮಾತಾಡುತ್ತಾನೆ. ಮನೆಯವರು ಅದಕ್ಕೆ ಉತ್ತರ ಕೊಡುತ್ತಾರೆ.

ಈ ತಂಡಕ್ಕೆ ಇದು ದಿಢೀರನೆ ಹೊಳೆದದ್ದಲ್ಲ. 2011ರಲ್ಲಿ ಬಂದ ಇವರ ಮೊದಲ ಆಟ 'ಬ್ಯಾಸ್ಟಿಯನ್'. ಅದರಲ್ಲೊಬ್ಬ ಗಡಸು ಗಂಟಲಿನ ಮುದುಕ, ಆಟಗಾರ ಮಾಡುವುದನ್ನೆಲ್ಲ ಮಾಡುತ್ತಿದ್ದಂತೆಯೇ ಕಥೆಯಾಗಿ ಹೇಳುತ್ತ ಹೋಗುತ್ತಾನೆ. ಆ ಗಂಟಲು ಲೋಗನ್ ಕನ್ನಿಂಗ್‌ಹ್ಯಾಮ್ ಎಂಬ ನಟನದು. 'ಹೇಡೀಸ್'ನಲ್ಲಿ ಅವನೇ ಕಥಾ ನಿರೂಪಕ, ಅವನೇ ಸಮುದ್ರರಾಜ ಪೊಸೈಡನ್, ಅವನೇ ಅಕಿಲೀಸ್, ಅವನೇ ಹೇಡೀಸ್ ಕೂಡ. ಇದು ತಿಳಿದ ಮೇಲೆ ನನಗೆ ಆಟ ಬೇರೆಯಾಗಿಯೇ ಕೇಳಿಸತೊಡಗಿತು. ಹುಡುಗನನ್ನು ಸದಾ ಹಳಿಯುವ ಅಪ್ಪನಿಗೂ ಸದಾ ಬೆನ್ನು ತಟ್ಟುವ ಗುರುವಿಗೂ ಒಂದೇ ಗಂಟಲು! ಮಗನಿಗೆ ದನಿ ಕೊಟ್ಟವನು ಡ್ಯಾರೆನ್ ಕಾರ್ಬ್, ಆಟದ ಸಂಗೀತವೂ ಅವನದೇ. ಅಷ್ಟು ಚಿಕ್ಕ ತಂಡವಾಗಿದ್ದಕ್ಕೇ ಹೀಗೆ ಒಬ್ಬೊಬ್ಬರು ನಾಲ್ಕು ಕೆಲಸ ಹೊತ್ತರೇನೋ. ಅದರಿಂದ ಇಡೀ ಆಟಕ್ಕೆ ಒಂದೇ ಮನೆಯ ವಾಸನೆ ಬಂದಿದೆ.

ಮಾತಿನಲ್ಲಷ್ಟೇ ಕಥೆ ಇದ್ದಿದ್ದರೆ ನಾನು ಇದನ್ನು ಇಷ್ಟು ಹೊಗಳುತ್ತಿರಲಿಲ್ಲ. ಅದು ಹೊಡೆತದೊಳಗೂ ಇಳಿದಿದೆ. ದಾರಿಯಲ್ಲಿ ಒಲಿಂಪಸ್ ಬೆಟ್ಟದ ದೇವತೆಗಳು ಝಾಗ್ರಿಯಸ್‌ಗೆ ವರ ಕಳಿಸುತ್ತಾರೆ. ಇವನು ಅಪ್ಪನನ್ನು ಬಿಟ್ಟು ತಮ್ಮನ್ನು ಸೇರಲು ಬರುತ್ತಿದ್ದಾನೆ ಎಂದು ಅವರ ನಂಬಿಕೆ. ಜ್ಯೂಸ್ ಕೊಡುವುದು ಸಿಡಿಲು. ಪೊಸೈಡನ್‌ನ ವರವಾದರೆ ಕತ್ತಿ ಬೀಸಿದಲ್ಲೆಲ್ಲ ಅಲೆ ಎದ್ದು ಎದುರಾಳಿಯನ್ನು ಗೋಡೆಗೆ ಅಪ್ಪಳಿಸುತ್ತದೆ; ಅವನ ಮಾತೂ ಹಾಗೆಯೇ, ಭೋರ್ಗರೆದು ಬಂದು ಎದುರಿನವರನ್ನು ಒಂದು ಹೆಜ್ಜೆ ಹಿಂದೆ ಸರಿಸುತ್ತದೆ. ಅಥೇನಾಳ ವರ ಬಂದ ಬಾಣವನ್ನು ತಿರುಗಿಸಿ ಬಿಟ್ಟವನಿಗೇ ಕಳಿಸುತ್ತದೆ. ದೇವತೆಯ ಸ್ವಭಾವ ಏನೆಂದು ನಮ್ಮ ಹೆಬ್ಬೆರಳಿಗೆ ಮೊದಲು ತಿಳಿಯುತ್ತದೆ, ಕಿವಿಗೆ ಆಮೇಲೆ. ಕೆಲವು ಕೋಣೆಗಳಲ್ಲಿ ಇಬ್ಬರು ದೇವತೆಗಳು ಒಟ್ಟಿಗೆ ವರ ಹಿಡಿದು ನಿಂತಿರುತ್ತಾರೆ. ಒಬ್ಬರದನ್ನು ಮೊದಲು ತೆಗೆದುಕೊಂಡರೆ ಇನ್ನೊಬ್ಬರಿಗೆ ಕೆಂಡದಂಥ ಕೋಪ, ಆ ಕೋಣೆ ಮುಗಿಯುವವರೆಗೆ ಅವರ ಏಟು ತಿನ್ನಬೇಕು, ಆಮೇಲೆ ರಾಜಿ. ಗ್ರೀಕ್ ದೇವತೆಗಳ ಮತ್ಸರವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠ ತಿಳಿಸೀತು?

ಡಿಮೀಟರ್‌ಳ ವರ ಮಾತ್ರ ಬೇರೆ ಬಗೆಯದು. ಅದು ಹಿಮ. ತಗಲಿದವರ ಕೈಕಾಲು ಜಡವಾಗುತ್ತವೆ. ಬೆಳೆಯ ದೇವತೆ ಏಕೆ ಚಳಿ ಕೊಡುತ್ತಾಳೆ? ಮಗಳು ಕಳೆದುಹೋದ ದುಃಖದಲ್ಲಿ ಅವಳು ಭೂಮಿಯನ್ನೇ ಹೆಪ್ಪುಗಟ್ಟಿಸಿದ್ದಾಳೆ. ಆ ಮಗಳು ಪರ್ಸೆಫನಿ, ಝಾಗ್ರಿಯಸ್‌ನ ತಾಯಿ; ಅವನು ಮನೆ ಬಿಟ್ಟು ಓಡುತ್ತಿರುವುದು ಅವಳನ್ನು ಹುಡುಕಿಕೊಂಡೇ. ತಾನು ಹಿಮ ಹೊದಿಸಿ ಕಳಿಸುತ್ತಿರುವುದು ತನ್ನ ಮೊಮ್ಮಗನ ಕತ್ತಿಗೆ ಎಂದು ಅಜ್ಜಿಗೆ ಗೊತ್ತಿಲ್ಲ. ವರಗಳ ಬಲ ಹೆಚ್ಚಿಸಲು ದಾರಿಯಲ್ಲಿ ಸಿಗುವ ಹಣ್ಣು ದಾಳಿಂಬೆ. ಪುರಾಣದಲ್ಲಿ ಪರ್ಸೆಫನಿಯನ್ನು ಪಾತಾಳಕ್ಕೆ ಕಟ್ಟಿಹಾಕಿದ್ದು ದಾಳಿಂಬೆಯ ಕಾಳು. ಆ ಹೊತ್ತಿನಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹಣ್ಣು ಸುಮ್ಮನೆ ಕೋಣೆಯಲ್ಲಿ ಬಿದ್ದಿರುತ್ತದೆ, ಹೊಡೆದಾಟದ ಅವಸರದಲ್ಲಿ ನಾವು ಎತ್ತಿಕೊಂಡು ಓಡುತ್ತೇವೆ.

ಗ್ರೀಕರ ಹಳೆಯ ಕಥೆಗಳನ್ನು ಈ ಆಟ ಬರೆದವರು ಎಷ್ಟು ಪ್ರೀತಿಯಿಂದ ಓದಿಕೊಂಡಿದ್ದಾರೆ ಎಂಬುದಕ್ಕೆ ಝಾಗ್ರಿಯಸ್ ಎಂಬ ಹೆಸರೇ ಸಾಕ್ಷಿ. ಬಿ. ಎಂ. ಶ್ರೀಯವರು 'ಪಾರಸಿಕರು' ಮೂಲಕ ಕನ್ನಡಕ್ಕೆ ತಂದ ಎಸ್ಕಿಲಸ್‌ನದೇ ಕಳೆದುಹೋದ ನಾಟಕವೊಂದರ ತುಣುಕಿನಲ್ಲಿ ಝಾಗ್ರಿಯಸ್ ಹೇಡೀಸ್‌ನ ಮಗನಂತೆ ಕಾಣಿಸುತ್ತಾನೆ. ಆರ್ಫಿಯಸ್‌ನ ಪಂಥದವರ ಕಥೆಗಳಲ್ಲಾದರೋ ಝಾಗ್ರಿಯಸ್ ಎಂದರೆ ಮದಿರೆಯ ದೇವರು ಡಯೋನಿಸಸ್‌ನ ಇನ್ನೊಂದು ರೂಪ. ಈ ಗೊಂದಲವನ್ನು ಆಟ ಹೇಗೆ ಬಿಡಿಸುತ್ತದೆ ಗೊತ್ತೆ? ಝಾಗ್ರಿಯಸ್ ಮತ್ತು ಡಯೋನಿಸಸ್ ಸೇರಿ, ನಾವಿಬ್ಬರೂ ಒಬ್ಬರೇ ಎಂದು ಆಸ್ಥಾನ ಗಾಯಕ ಆರ್ಫಿಯಸ್‌ನನ್ನು ಹುಡುಗಾಟಕ್ಕೆ ನಂಬಿಸುತ್ತಾರೆ. ಆ ಮುಗ್ಧ ಅದನ್ನು ನಿಜವೆಂದುಕೊಂಡು ಹಾಡು ಕಟ್ಟಿ ಹಾಡುತ್ತಾನೆ. ಅಲ್ಲಿಗೆ ಎರಡು ಸಾವಿರ ವರ್ಷ ದಾಟಿದ ಪಂಡಿತರ ಗೊಂದಲಕ್ಕೆ ಮೂಲ ಸಿಕ್ಕಂತಾಯಿತು! ಇದೇ ಆರ್ಫಿಯಸ್‌ನ ಹೆಂಡತಿ ಯುರಿಡಿಸಿ ಉರಿಯುವ ಆಸ್ಫೊಡೆಲ್‌ನ ಒಂದು ಕೋಣೆಯಲ್ಲಿ ಅಡುಗೆ ಮಾಡುತ್ತ ಹಾಡಿಕೊಂಡಿರುತ್ತಾಳೆ. ಶತ್ರುಗಳಿಲ್ಲದ ಕೋಣೆ. ಬಾಗಿಲು ತೆರೆಯುತ್ತಿದ್ದಂತೆ ಅವಳ ದನಿ ಕೇಳಿದರೆ ಬಿಗಿದ ಹೆಗಲು ತಾನಾಗಿ ಇಳಿಯುತ್ತದೆ. ಹಾಡು ಮುಗಿಯಲಿ ಎಂದು ನಾನು ಕಂಟ್ರೋಲರ್ ಕೆಳಗಿಟ್ಟು ಕಾದದ್ದುಂಟು.

ಎಲಿಸಿಯಮ್ಮಿನಲ್ಲಿ ಅಕಿಲೀಸ್‌ನ ಪ್ರಾಣಸಖ ಪ್ಯಾಟ್ರೋಕ್ಲಸ್ ಒಬ್ಬನೇ ಕುಳಿತಿದ್ದಾನೆ. ಅವನಿಗೆ ಆ ಸ್ವರ್ಗ ಸಿಗಲೆಂದು ಅಕಿಲೀಸ್ ಹೇಡೀಸ್‌ನ ಮನೆಯ ಕಾವಲಿಗೆ ತನ್ನನ್ನು ಬರೆದುಕೊಟ್ಟಿದ್ದಾನೆ. ಇವನು ಮೇಲೆ, ಅವನು ಕೆಳಗೆ, ನಡುವೆ ಓಡಾಡಬಲ್ಲವನು ಝಾಗ್ರಿಯಸ್ ಒಬ್ಬನೇ. ಸಾಯುತ್ತ, ಏಳುತ್ತ, ಒಬ್ಬನ ಮಾತನ್ನು ಇನ್ನೊಬ್ಬನಿಗೆ ಮುಟ್ಟಿಸುತ್ತಾನೆ. ಕಡೆಗೆ ಆ ಕರಾರು ಪತ್ರವನ್ನು ಹುಡುಕಿ ರದ್ದು ಮಾಡಿಸುತ್ತಾನೆ. ಆಮೇಲೊಂದು ದಿನ ಎಲಿಸಿಯಮ್ಮಿನ ಆ ಕೋಣೆಗೆ ಕಾಲಿಟ್ಟರೆ ಅಲ್ಲಿ ಇಬ್ಬರಿದ್ದಾರೆ. ನನಗೆ ಕಣ್ಣು ತುಂಬಿಬಂತು. ಅವರನ್ನು ಕೂಡಿಸಿದ್ದು ನನ್ನ ಗೆಲುವುಗಳಿಗಿಂತ ಹೆಚ್ಚಾಗಿ ನನ್ನ ಸಾವುಗಳು. ಸತ್ತಾಗಲೆಲ್ಲ ನಾನು ಕೆಳಗೆ ಒಂದು ಸುದ್ದಿ ಒಯ್ದಿದ್ದೆ.

ಎಲ್ಲ ಕಡೆಯೂ ಇದೇ ರಸ ಎಂದರೆ ಸುಳ್ಳಾದೀತು. ಎಲಿಸಿಯಮ್ ದಾಟಿದ ಮೇಲೆ ಬರುವ ಸ್ಟಿಕ್ಸ್ ದೇವಾಲಯ ಇಲಿಗಳ, ವಿಷದ ಸುರಂಗ. ಹೊರಬಾಗಿಲು ಕಾಯುವ ಸರ್ಬೆರಸ್‌ಗೆ ತಿಂಡಿಯ ಚೀಲ ಸಿಗುವವರೆಗೆ ಒಂದೊಂದೇ ಸುರಂಗ ಜಾಲಾಡಬೇಕು. ನಾಯಿ ಚೆನ್ನ, ಆದರೆ ಅಲ್ಲಿ ಕಥೆ ಬಾಯಿ ಮುಚ್ಚಿಕೊಳ್ಳುತ್ತದೆ, ಆಟ ಬರೀ ಆಟವಾಗಿ ಉಳಿಯುತ್ತದೆ. ಕೊನೆಯ ಉಪಕಥೆಗಳೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾಯಿಸುತ್ತವೆ.

ಆ ಸುರಂಗ ದಾಟಿದರೆ ಬಾಗಿಲಾಚೆ ಬಯಲು, ಬೀಳುವ ಹಿಮ, ಎದುರಿಗೆ ಅಪ್ಪ. ಇಷ್ಟು ದಿನ ಮೇಜಿನ ಹಿಂದೆ ಕೂತಿದ್ದವನು ಈಗ ಈಟಿ ಹಿಡಿದು ನಿಂತಿದ್ದಾನೆ. ಆಟದ ಕೊನೆಯ ಶತ್ರು ಅವನೇ. ಅವನನ್ನು ಒಮ್ಮೆ ಸೋಲಿಸಿದರೆ ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಅವನು ಮತ್ತೆ ಎದ್ದು ನಿಲ್ಲುತ್ತಾನೆ. ಎರಡನೆಯ ಸಲವೂ ಕೆಡವಬೇಕು. ಆಮೇಲೆ ಹೊಡೆದಾಟವಿಲ್ಲ. ಝಾಗ್ರಿಯಸ್ ಹಿಮದಲ್ಲಿ ನಡೆಯುತ್ತಾನೆ, ಜೀವನದಲ್ಲಿ ಮೊದಲ ಬಾರಿ ಸೂರ್ಯೋದಯ ನೋಡುತ್ತಾನೆ, ಒಂದು ತೋಟಕ್ಕೆ ಬರುತ್ತಾನೆ. ತೋಟದಲ್ಲಿ ತಾಯಿ. ತನ್ನ ಮಗು ಹುಟ್ಟುವಾಗಲೇ ಸತ್ತಿತೆಂದು ನಂಬಿ ಮನೆ ಬಿಟ್ಟು ಬಂದವಳು. ಇಬ್ಬರೂ ಮಾತಿಗೆ ಶುರುಮಾಡುತ್ತಾರೆ. ಎದೆಯಲ್ಲಿ ಸಾವಿರ ಪ್ರಶ್ನೆ. ಅಷ್ಟರಲ್ಲಿ ಅವನಿಗೆ ಉಸಿರು ಕಟ್ಟುತ್ತದೆ. ಪಾತಾಳದಲ್ಲಿ ಹುಟ್ಟಿದ ಜೀವ ಭೂಮಿಯ ಮೇಲೆ ಹೆಚ್ಚು ಹೊತ್ತು ಉಳಿಯದು. ತಾಯಿಯ ಕಣ್ಣೆದುರೇ ಕುಸಿಯುತ್ತಾನೆ. ಮತ್ತೆ ನದಿ, ಮತ್ತೆ ಕೊಳ, ಮತ್ತೆ ಪಟ್ಟಿ ಹಿಡಿದ ಹಿಪ್ನೋಸ್.

ಮೊದಲ ಸಲ ಅಲ್ಲಿಗೆ ಮುಟ್ಟಿದಾಗ ನಾವಿಬ್ಬರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ತಾನಾಗಿಯೇ ಕಂಟ್ರೋಲರ್ ಎತ್ತಿಕೊಂಡಳು. ತಾಯಿ ಅರ್ಧಕ್ಕೆ ಬಿಟ್ಟ ಮಾತನ್ನು ಕೇಳಬೇಕಿದ್ದರೆ ಇಡೀ ಪಾತಾಳವನ್ನು ಮತ್ತೊಮ್ಮೆ ಹತ್ತಬೇಕು, ಅಪ್ಪನನ್ನು ಮತ್ತೊಮ್ಮೆ ಕೆಡವಬೇಕು. ಹತ್ತು ಗೆಲುವುಗಳಲ್ಲಿ ಹಂಚಿಟ್ಟ ಸಂಭಾಷಣೆ ಅದು. ಅದೇ ಕೋಣೆ, ಅದೇ ಶತ್ರುಗಳು, ಅದೇ ಬಟನ್; ಆದರೆ ಮೊದಲು ಅಪ್ಪನಿಂದ ಓಡಿಹೋಗುತ್ತಿದ್ದವನು ಈಗ ಅಮ್ಮನನ್ನು ನೋಡಿಬರಲು ಹೋಗುತ್ತಿದ್ದಾನೆ. ಬೇರೆ ಆಟಗಳಲ್ಲಿ ಬೇಸರ ಹುಟ್ಟಿಸುವ ಪುನರಾವರ್ತನೆಗೆ ಇಲ್ಲಿ ಒಂದು ಹಸಿವಿದೆ. ಅಪ್ಪನೊಂದಿಗಿನ ಹೊಡೆದಾಟವೂ ಮೆಲ್ಲಮೆಲ್ಲಗೆ ಬೇರೆಯಾಗುತ್ತದೆ. ಅವಳು ಹೇಗಿದ್ದಾಳೆ ಎಂದು ಬಾಯಿಬಿಟ್ಟು ಕೇಳಲಾರದ ಗಂಡಸು ಅವನು. ಮನೆಯಲ್ಲಿ ಆಡಲಾಗದ ಮಾತನ್ನು ಆ ಅಪ್ಪ-ಮಗ ಹಿಮದಲ್ಲಿ ಈಟಿ-ಕತ್ತಿ ಹಿಡಿದು ಆಡುತ್ತಿದ್ದಾರೆ ಎಂದು ನನಗೆ ಅನ್ನಿಸತೊಡಗಿತು. ಅವರಿಗೆ ಒಬ್ಬರ ಮುಖ ಒಬ್ಬರು ನೋಡಿ ನಿಲ್ಲಲು ಬೇರೆ ಜಾಗವೇ ಇಲ್ಲ. ಈ ಭಾವ ಹುಟ್ಟಲು ನಾನೇ ಆ ಈಟಿಯ ಏಟು ತಪ್ಪಿಸಿಕೊಳ್ಳಬೇಕಿತ್ತು, ಅವನ ಹೆಜ್ಜೆಯ ಲಯವನ್ನು ಬೆರಳಿನಿಂದ ಕಲಿಯಬೇಕಿತ್ತು. ಕಾದಂಬರಿಯಾಗಿದ್ದರೆ ಒಂದು ಅಧ್ಯಾಯದಲ್ಲಿ ಓದಿ ಮುಗಿಸುತ್ತಿದ್ದೆ.

ಹತ್ತನೆಯ ಗೆಲುವಿಗೆ ಪರ್ಸೆಫನಿ ಮಗನ ಜೊತೆ ದೋಣಿ ಹತ್ತುತ್ತಾಳೆ. ನದಿಯ ಮೇಲೆ ದೋಣಿ ಹೋಗುತ್ತಿರುವಾಗ ಹಾಡು ಶುರುವಾಗಿ, ಆಟ ಮಾಡಿದವರ ಹೆಸರುಗಳು ಬರುತ್ತವೆ. ಆಮೇಲೂ ಆಡಬಹುದು. ಈಗ ಅಪ್ಪನೇ ಮಗನಿಗೆ ಒಂದು ಉದ್ಯೋಗ ಕೊಟ್ಟಿದ್ದಾನೆ: ಪಾತಾಳದ ಕಾವಲಿನಲ್ಲಿ ಎಲ್ಲೆಲ್ಲಿ ಲೋಪವಿದೆ ಎಂದು ತಪ್ಪಿಸಿಕೊಂಡು ನೋಡಿ ವರದಿ ಮಾಡಬೇಕು. ದಂಗೆ ಮನೆಗೆಲಸವಾಯಿತು! ಮನೆ ಬಿಟ್ಟು ಓಡಬೇಕೆಂದಿದ್ದ ಎಷ್ಟೋ ಮಕ್ಕಳು ಆಮೇಲೆ ಆ ಮನೆಯನ್ನೇ ನೋಡಿಕೊಳ್ಳುವುದನ್ನು ಕಂಡವರಿಗೆ ಇದರ ಅರ್ಥ ತಿಳಿದೀತು.

ಕೈ ಸಾಗದವರನ್ನೂ ಆಟ ಹೊರಗಿಟ್ಟಿಲ್ಲ. 'ಗಾಡ್ ಮೋಡ್' ಎಂಬ ಒಂದು ಏರ್ಪಾಡಿದೆ. ಅದನ್ನು ಹಾಕಿಕೊಂಡರೆ ಬೀಳುವ ಏಟಿನ ಬಿರುಸು ಶೇ. 20 ಕಡಿಮೆ, ಮುಂದೆ ಪ್ರತಿ ಸಾವಿಗೂ ಶೇ. 2ರಂತೆ ಇನ್ನಷ್ಟು ಇಳಿಯುತ್ತ ಶೇ. 80ರವರೆಗೆ ಹೋಗುತ್ತದೆ. ಇದನ್ನು ಹಾಕಿಕೊಂಡದ್ದಕ್ಕೆ ಕಥೆಯಲ್ಲಿ ಒಂದು ಮಾತೂ ಕಡಿಮೆಯಾಗುವುದಿಲ್ಲ. ಸಾವಿಗೆ ಬೆಲೆ ಕೊಡುತ್ತೇನೆ ಎಂದ ಆಟ ತನ್ನ ಮಾತನ್ನು ಇಲ್ಲಿಯೂ ಉಳಿಸಿಕೊಂಡಿದೆ.

2021ರಲ್ಲಿ ಇದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆ ಕೊಡುವ ಆ ಪ್ರಶಸ್ತಿಯನ್ನು ಒಂದು ವಿಡಿಯೋ ಗೇಮ್ ಪಡೆದದ್ದು ಅದೇ ಮೊದಲು. ಸಂದದ್ದು ಸರಿಯಾಗಿಯೇ ಇದೆ. ಇದಕ್ಕಿಂತ ಆಳವಾದ ಕಥೆಗಳನ್ನು ನಾನು ಪುಸ್ತಕಗಳಲ್ಲಿ ಓದಿದ್ದೇನೆ, ಇದಕ್ಕಿಂತ ಕಠಿಣವಾದ ಹೊಡೆದಾಟವನ್ನು ಬೇರೆ ಆಟಗಳಲ್ಲಿ ಕಂಡಿದ್ದೇನೆ. ಎರಡನ್ನೂ ಬೇರ್ಪಡಿಸಲಾಗದಂತೆ ಹೆಣೆದದ್ದನ್ನು ಮಾತ್ರ ಇಲ್ಲಿಯಷ್ಟು ಚೆನ್ನಾಗಿ ಇನ್ನೆಲ್ಲೂ ನೋಡಿಲ್ಲ. ಇದರ ಎರಡನೆಯ ಭಾಗವೂ 2025ರಲ್ಲಿ ಪೂರ್ತಿಯಾಗಿ ಬಂದಿದೆ. ಅದರ ನಾಯಕಿ ಝಾಗ್ರಿಯಸ್‌ನ ತಂಗಿ ಮೆಲಿನೋಯೆ. ಆದರೆ ಮೊದಲನೆಯದರಿಂದಲೇ ಶುರುಮಾಡಿ. ಆಡಲು ಕೂರುವವರಲ್ಲಿ ಒಂದು ಮನವಿ: ಸತ್ತು ಮನೆಗೆ ಬಂದ ಮೇಲೆ ಆಯುಧದ ಕೋಣೆಗೆ ಓಡಬೇಡಿ. ಪಡಸಾಲೆಯಲ್ಲಿ ಒಂದು ಸುತ್ತು ಹಾಕಿ, ನಿಂತವರನ್ನೆಲ್ಲ ಮಾತಾಡಿಸಿ, ನಾಯಿಯ ತಲೆ ಸವರಿ. ಯಾರ ಮಾತನ್ನೂ ಬಟನ್ ಒತ್ತಿ ದಾಟಿಸಬೇಡಿ.